ಹಣೆಯ ಕೆಂಪು

ನಿಪ್ಪಾಣಿಯ ಫ್ರೇಮಿನಂಗಡಿಯ ಪ್ರಾಜಕ್ತಾ, ಚಿತ್ರದಲ್ಲಿದ್ದ ಇಂಗ್ಲಿಷ್ ಹುಡುಗಿಯ ಹಣೆಯ ಮೇಲೆ ರಬ್ಬರು ಇಡುವಷ್ಟರಲ್ಲಿ ಶಿವಗಂಗವ್ವ ಅವಳ ಕೈ ಹಿಡಿದಳು. ನಾಯಿಮರಿ ತಬ್ಬಿ ಕೂತ ಹುಡುಗಿಯ ಆ ಹಳೆಯ ಪ್ರಿಂಟಿಗೆ ಗಾಜು ಹಾಕಿಸಲು ಶಿವಗಂಗವ್ವ ಬಂದಿದ್ದಳು.

“ವಿಲಾಯತಿ ಪ್ರಿಂಟ್ ಆಯಿ, ಬಣ್ಣ ಇನ್ನೂ ಛಲೋ ಐತ್ರಿ. ಈ ಕೆಂಪು ಕಲೆ ಒಂದು ಹೋದ್ರ ಭಾರೀ ಬೆಲೆ ಐತಿ.”

“ಕಲೆ ಅಲ್ಲವಾ, ಕುಂಕುಮ. ನಮ್ಮ ಮಗಳು ಚಂಪಾ ಸಣ್ಣಾಕಿ ಇದ್ದಾಗ ತೀರಿಕೊಂಡ್ಲು. ಒಂದು ಫೋಟೋ ಸೈತ ತಗಿಸಿರಲಿಲ್ಲ. ಗಲ್ಲ ಥೇಟ್ ಆಕೀದ ಐತಿ ಅಂತ ನಮ್ಮ ಮನ್ಯಾವ್ರು ಇದನ್ನ ತಂದ್ರು. ಹಬ್ಬಕ್ಕೊಮ್ಮೆ ಹಚ್ಚತೀನಿ.” ಶಿವಗಂಗವ್ವ ನಕ್ಕಳು. “ನಮ್ಮಾಕಿ ನಾಯಿ ಕಂಡ್ರ ಅಂಜಿ ಓಡತಿದ್ಲು, ಖರೇ.”

ಪ್ರಾಜಕ್ತಾ ರಬ್ಬರನ್ನು ಡಬ್ಬಿಯೊಳಗಿಟ್ಟಳು. ಅಂಚಿನ ಧೂಳನ್ನಷ್ಟೇ ಕುಂಚದಿಂದ ಮೆಲ್ಲಗೆ ಝಾಡಿಸಿ, ಅಂಗಡಿಯ ದೇವರ ಮುಂದಿದ್ದ ಕುಂಕುಮದ ಬಟ್ಟಲನ್ನು ತಂದು ಮುಂದೆ ಹಿಡಿದಳು.

“ಮಸಕಾಗೈತ್ರಿ ಆಯಿ. ಹಚ್ಚರಿ, ಆಮ್ಯಾಲ ಗಾಜು ಹಾಕತೀನಿ.”