ಕತ್ತಿಯ ಕೆಳಗೆ ಸ್ಟೂಲ್ ಇರಲಿಲ್ಲ

ಬೆಳಗಾದರೆ ಸಾಕು, ಸಮುರಾಯ್ ಫೋಟೋದ ಕೆಳಗೆ "ನಿನ್ನನ್ನು ನೀನು ಗೆಲ್ಲು" ಅಂತ ಬರೆದು ಗ್ರೂಪಿಗೆ ಹಾಕುವ ಗೆಳೆಯರೇ... ಇವತ್ತು ಇದನ್ನೂ ಓದಿ.

ಹುಬ್ಬಳ್ಳಿಯಲ್ಲೊಬ್ಬ ಸೀರೆ ಸಾಹುಕಾರ. ದೊಡ್ಡ ಎಸಿ ಶೋರೂಮ್. ಹೆಸರು ಬೇಡ... ಅಂಥವನು ನಿಮ್ಮೂರಲ್ಲೂ ಇದ್ದಾನೆ.

ಅವನ ಅಪ್ಪನ ಕಾಲದಲ್ಲಿ ಅದು ಗಾದಿ ಅಂಗಡಿ. ಬಿಳಿ ಹಾಸಿನ ಗಾದಿಯ ಮೇಲೆ ಸೀರೆ ಕೊಳ್ಳುವವರೂ ಕೂರುತ್ತಿದ್ದರು, ತೋರಿಸುವವರೂ ಕೂರುತ್ತಿದ್ದರು.

ಮಗ ಗಾದಿ ಕಿತ್ತುಹಾಕಿ ಗಾಜಿನ ಕೌಂಟರ್ ಹಾಕಿಸಿದ. ಗಿರಾಕಿಗೆ ಮೆತ್ತನೆಯ ಕುರ್ಚಿ. ಕೆಲಸದ ಹೆಣ್ಣುಮಕ್ಕಳಿಗೆ ಒಂದೊಂದು ಸ್ಟೂಲ್. ಅಷ್ಟಾದರೂ ಇತ್ತು...

ಒಂದು ಸಲ ಯಾವುದೋ ರೆಸಾರ್ಟಿನಲ್ಲಿ ಟ್ರೈನಿಂಗ್ ಮುಗಿಸಿ ಬಂದ. ವಿಷಯ: ಸಮುರಾಯ್ ಯೋಧರ ಆತ್ಮಸಂಯಮ. ಬರುವಾಗ ಶೋಪೀಸ್ ಕತ್ತಿಯೊಂದನ್ನು ತಂದು ಗಲ್ಲಾಪೆಟ್ಟಿಗೆಯ ಹಿಂದೆ, ಲಕ್ಷ್ಮೀ ಫೋಟೋದ ಪಕ್ಕಕ್ಕೇ ತೂಗುಹಾಕಿದ.

ಮರುದಿನ ಸ್ಟೂಲುಗಳೆಲ್ಲ ಅಟ್ಟ ಸೇರಿದವು.

"ದೇಹ ಕುಂದ್ರು ಅಂತೈತಿ... ಮನಸ್ಸು ಬ್ಯಾಡ ಅನ್ನಬೇಕು. ಅದ ಸಮುರಾಯ್" ಅಂದ.

ಗಮನಿಸಿ... ಈ ಮಾತನ್ನು ಅವನು ಕೂತು ಹೇಳಿದ.

ಅಲ್ಲಿ ಶೇವಂತಾ ಅನ್ನುವ ಹೆಣ್ಣುಮಗಳು ಸೀರೆ ತೋರಿಸುತ್ತಿದ್ದಳು. ಗಿರಾಕಿ ಬಂದಾಗೆಲ್ಲ ಎದ್ದು, ವರ್ಷಗಟ್ಟಲೆ ನಿಂತು ನಿಂತು ಅವಳ ಕಾಲಿನ ನರಗಳು ಗಂಟುಗಂಟಾಗಿ ನೀಲಿಯಾಗಿದ್ದವು. ಆಗಾಗ ಕೂರದಿದ್ದರೆ ನರ ಒಡೆದು ರಕ್ತ ಹರಿದೀತು ಎಂದು ಡಾಕ್ಟರ್ ಎಚ್ಚರಿಸಿದ್ದರು.

ಅವಳು ಸಾಹುಕಾರನ ಹತ್ತಿರ ಒಂದೇ ಒಂದು ಸ್ಟೂಲ್ ಕೇಳಿದಳು. ಅವನು ಎಲ್ಲರೆದುರಿಗೆ ನಕ್ಕ. ತನ್ನ ಕಾಲನ್ನೇ ಗೆಲ್ಲದವಳು ಜೀವನದಲ್ಲಿ ಏನು ಗೆದ್ದಾಳು ಅಂದ. ಕೂರಬೇಕು ಅನ್ನಿಸಿದರೆ ಮನೆಯಲ್ಲಿ ಹೋಗಿ ಕೂರು, ಮತ್ತೆ ಬರಬೇಡ ಅಂದ.

ಅವಳ ಮನೆ ನಡೆಯುತ್ತಿದ್ದುದೇ ಆ ಸಂಬಳದಿಂದ. ಅವಳು ಕೂರಲಿಲ್ಲ.

ಹೇಳಿ... ಸಂಯಮ ಯಾರಿಗಿತ್ತು?

ದಿನಾ ಬಾಗಿಲು ತೆಗೆದ ಕೂಡಲೇ ಅವನದೊಂದು ಸಮುರಾಯ್ ಪಾಠ. ಒಂದು ದಿನ ಮೊಬೈಲ್ ನೋಡಿಕೊಂಡು ಚಹಾ ಕೋಣೆಯ ಸಂಗತಿ ಹೇಳಿದ. ಆ ಯೋಧರು ಚಹಾಕ್ಕೆ ಹೋಗುವಾಗ ಕತ್ತಿಯನ್ನು ಹೊರಗೇ ಇಡುತ್ತಿದ್ದರಂತೆ. ಬಾಗಿಲು ಚಿಕ್ಕದು, ಎಂಥವನೂ ತಲೆ ಬಗ್ಗಿಸಲೇಬೇಕು. ಒಳಗೆ ದೊಡ್ಡವ ಸಣ್ಣವ ಇಲ್ಲ... ಎಲ್ಲರೂ ಒಂದೇ ಚಾಪೆಯ ಮೇಲೆ.

"ಇದಕ್ಕ ವಿನಯ ಅಂತಾರ. ಕಲೀರಿ" ಅಂದು ಮೊಬೈಲ್ ಕಿಸೆಗೆ ಹಾಕಿಕೊಂಡ.

ಅವತ್ತು ಮಧ್ಯಾಹ್ನ ಒಬ್ಬ ಅಜ್ಜಿ ಬಂದಳು. ಬಸುರಿ ಮೊಮ್ಮಗಳ ಉಡಿ ತುಂಬಲು ಒಳ್ಳೆಯ ಇಳಕಲ್ ಸೀರೆ ಬೇಕಿತ್ತು. ಶೇವಂತಾ ಒಂದೊಂದಾಗಿ ಬಿಚ್ಚಿ ತೋರಿಸುತ್ತಿದ್ದಳು. ಕೆಲವು ಕೌಂಟರಿನಿಂದ ಜಾರಿ ಅವಳ ಕಾಲ ಬಳಿ ಬಿದ್ದವು.

ಅಜ್ಜಿ ಕೌಂಟರಿನಾಚೆ ಬಗ್ಗಿ ನೋಡಿದಳು... ಬಿಳಿ ಟೈಲ್ಸಿನ ಮೇಲೆ ರಕ್ತ.

ನರ ಒಡೆದಿತ್ತು. ಶೇವಂತಾಳ ಪಾದ ಪೂರ್ತಿ ಕೆಂಪಾಗಿತ್ತು. ಅವಳು ಇನ್ನೂ ನಿಂತೇ ಇದ್ದಳು, ಕೈಯಲ್ಲಿ ಸೀರೆಯ ಸೆರಗು ಹಿಡಿದು.

ಸಾಹುಕಾರ ಓಡಿ ಬಂದ. ಅವನ ಬಾಯಿಂದ ಬಂದ ಮೊದಲ ಮಾತು ಯಾವುದು ಗೊತ್ತೇ?

"ಸೀರಿ ಎತ್ರಿ ಮೊದ್ಲ... ರಕ್ತದ ಕಲಿ ಆಗ್ತಾವು."

ಅಜ್ಜಿ ಕುರ್ಚಿ ಬಿಟ್ಟು ಕೌಂಟರ್ ಒಳಗೇ ಬಂದಳು. ನೆಲದ ಮೇಲೆ ಕುಕ್ಕರಿಸಿದಳು. ಶೇವಂತಾಳ ಕೈ ಹಿಡಿದು ಕೆಳಗೆ ಎಳೆದಳು.

"ಬ್ಯಾಡ ಯವ್ವಾ... ಕುಂತ್ರ ಕೆಲ್ಸ ಹೋಗ್ತೈತಿ."

"ಜೀವ ಹೋಗ್ತೈತಿ ಮಗಳ, ಕುಂದ್ರು."

ಶೇವಂತಾ ಕೂತಳು. ಅಜ್ಜಿ ಆ ಕಾಲನ್ನು ತನ್ನ ತೊಡೆಯ ಮೇಲೆತ್ತಿ ಇಟ್ಟುಕೊಂಡಳು. ಮೊಮ್ಮಗಳಿಗೆಂದು ಆರಿಸಿದ್ದ ಇಳಕಲ್ ಸೀರೆಯನ್ನೇ ಮಡಿಸಿ ಗಾಯದ ಮೇಲೆ ಒತ್ತಿ ಹಿಡಿದಳು.

"ಇದು ನಂದು. ಬಿಲ್ ಮಾಡಿಸು ತಮ್ಮಾ... ನಿಂಗ ಜೀವಕ್ಕಿಂತ ಸೀರಿನ ದೊಡ್ಡದಾಗೈತಿ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ದನಿಯಲ್ಲಿ ಇರಲಿಲ್ಲ.

ಆಗ ಉಳಿದ ಹೆಣ್ಣುಮಕ್ಕಳು... ಒಬ್ಬಳ ಹಿಂದೆ ಒಬ್ಬಳು... ಬಂದು ಅದೇ ನೆಲದ ಮೇಲೆ ಕೂತರು. ಯಾರೂ ಘೋಷಣೆ ಕೂಗಲಿಲ್ಲ. ಬರೀ ಕೂತರು.

ಸಾಹುಕಾರನ ಮುಖ ಕಪ್ಪಿಟ್ಟಿತು. ಎಲ್ಲರೂ ಏಳಬೇಕು, ಇಲ್ಲದಿದ್ದರೆ ನಾಳೆಯಿಂದ ಬರುವುದೇ ಬೇಡ ಅಂತ ಅಬ್ಬರಿಸಿದ. ಸಂಯಮದ ಮಾಸ್ತರ ಕೌಂಟರಿಗೆ ಗುದ್ದಿದ.

ಶೇವಂತಾ ಕೆಳಗಿನಿಂದ ತಲೆಯೆತ್ತಿ ನೋಡಿದಳು. ಅವಳ ಕಣ್ಣಲ್ಲಿ ಅಂಜಿಕೆ ಸತ್ತಿತ್ತು.

"ಸಾವ್ಕಾರ್ರ, ಒಂದ ಚಾಪಿ ಮ್ಯಾಲೆ ಎಲ್ಲಾರೂ ಕುಂದರ್ತಾರ ಅಂತ ಮುಂಜಾನೆ ನೀವ ಹೇಳಿದ್ರಿ. ಬರ್ರಿ... ನೀವೂ ಕುಂದರ್ರಿ. ಕತ್ತಿ ಅಲ್ಲೇ ಇರಲಿ."



ಸಾಹುಕಾರ ಒಂದೇ ಒಂದು ಸಲ ಮಂಡಿ ಬಗ್ಗಿಸಿದ್ದರೆ ಸಾಕಿತ್ತು. ಅವನು ಕಲಿತ ಪಾಠಕ್ಕೆಲ್ಲ ಅದೇ ಪರೀಕ್ಷೆ. ಅವನ ಕಾಲಲ್ಲಿ ನೋವಿರಲಿಲ್ಲ, ಗಂಟಿರಲಿಲ್ಲ, ರಕ್ತವೂ ಇರಲಿಲ್ಲ...

ಆದರೂ ಮಂಡಿ ಬಗ್ಗಲಿಲ್ಲ.

ಅಜ್ಜಿ ತಾನು ಬಂದಿದ್ದ ಆಟೋದಲ್ಲೇ ಶೇವಂತಾಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಉಳಿದವರು ಅಟ್ಟಕ್ಕೆ ಏಣಿ ಹಾಕಿ ಸ್ಟೂಲುಗಳನ್ನು ಇಳಿಸಿದರು, ಧೂಳು ಒರೆಸಿದರು, ಕೂತರು. ಗಿರಾಕಿಗಳೆಲ್ಲ ನೋಡುತ್ತಿದ್ದರು. ಅವರೆದುರು ಅವನಿಗೆ ಯಾರನ್ನೂ ಹೊರಹಾಕಲಾಗಲಿಲ್ಲ. ಶೇವಂತಾ ಕಾಲು ಮಾಗಿಸಿಕೊಂಡು ಬಂದಾಗ ಅವಳ ಜಾಗದಲ್ಲೂ ಒಂದು ಸ್ಟೂಲ್ ಕಾದಿತ್ತು.

ಅವತ್ತು ಸಾಹುಕಾರ ತನ್ನ ಕೋಪವನ್ನು ಗೆದ್ದ ಎಂದು ಕೆಲವರು ಕಥೆ ಕಟ್ಟುತ್ತಾರೆ. ನಂಬಬೇಡಿ. ಅವನು ಸೋತ. ಗೆದ್ದವರು ನೆಲದ ಮೇಲೆ ಕೂತಿದ್ದರು.

ಕತ್ತಿ ಈಗಲೂ ಗೋಡೆಯ ಮೇಲಿದೆ. ಅದರ ಎದುರಿಗೇ ರಕ್ತ ಹರಿಯಿತು... ಅದಕ್ಕೆ ಮಾತ್ರ ಒಂದು ಹನಿಯೂ ತಾಗಲಿಲ್ಲ.

*ತಾನು ಕೂತು ಇನ್ನೊಬ್ಬರನ್ನು ನಿಲ್ಲಿಸುವುದು ಆತ್ಮಸಂಯಮವಲ್ಲ, ದಬ್ಬಾಳಿಕೆ. ಅಂಜಿಕೆಯನ್ನು ಗೆದ್ದು ಕೂತವಳೇ ಯೋಧೆ.*

ನಿಮಗೆ ಸೀರೆ ತೋರಿಸುವ ಹೆಣ್ಣುಮಗಳು ಕೂತಿದ್ದನ್ನು ನೀವು ಕೊನೆಯ ಸಲ ನೋಡಿದ್ದು ಯಾವಾಗ?