ಡೇನಾ ಇಟ್ಟ ಎಡೆ

"ತಟ್ಟೆ ದಕ್ಷಿಣಕ್ಕಿರಲಿ," ಎಂದಳು ತೃಪ್ತಿ. "ಸತ್ತವರ ದಿಕ್ಕು ಅದು."

"ನನ್ನ ಪುಸ್ತಕದಲ್ಲಿ ಪಶ್ಚಿಮ ಅಂತಿದೆ." ಹಾಗೆಂದರೂ ಡೇನಾ ತಟ್ಟೆಯನ್ನು ಮೇಜಿನ ಆ ತುದಿಗೆ ಸರಿಸಿದಳು. "ನಿಮ್ಮಲ್ಲಿ ಇದು ಎಷ್ಟು ಹಳೇದು?"

"ಮೊದಲಿನಿಂದಲೂ ಇದೆ."

ಅಷ್ಟು ಉತ್ತರ ಡೇನಾಳಿಗೆ ಸಾಕಾಯಿತು. ಅದು 2004ನೇ ಇಸವಿ. ರಿಚರ್ಡ್‌ಸನ್ ಊರಿನ ಆ ಅಪಾರ್ಟ್‌ಮೆಂಟಿನಲ್ಲಿ ಇಬ್ಬರೂ ಒಟ್ಟಿಗೆ ಇರತೊಡಗಿ ವರ್ಷವಾಗಿತ್ತು. ಡೇನಾ ವಿಕ್ಕಾ ಧರ್ಮದವಳು. ಮಾಟಗಾತಿಯರ ಧರ್ಮ ಎಂದು ತಾನೇ ನಗುತ್ತ ಹೇಳಿಕೊಳ್ಳುತ್ತಿದ್ದಳು. ಅಕ್ಟೋಬರಿನ ಕೊನೆಯ ದಿನ ಅವರು ಸತ್ತವರಿಗೆ ಊಟ ಬಡಿಸಿಡುತ್ತಾರೆ. ಮಹಾಲಯ ಅಮಾವಾಸ್ಯೆಯ ಎಡೆಯ ಹಾಗೆಯೇ, ಎಂದುಕೊಂಡಿದ್ದಳು ತೃಪ್ತಿ. ರಾತ್ರಿ ಇಡಬೇಕಾದ ಎಡೆ ಈ ಸಲ ಮಧ್ಯಾಹ್ನವೇ ಸಿದ್ಧವಾಗಿತ್ತು. ಮಗಳು ಈ ಧರ್ಮ ಹಿಡಿದಳೆಂದು ಎರಡು ವರ್ಷದಿಂದ ಮಾತು ಬಿಟ್ಟಿದ್ದ ತಾಯಿ, ಭಾನುವಾರದ ಚರ್ಚ್ ಮುಗಿಸಿಕೊಂಡು ಪಕ್ಕದೂರು ಮರ್ಫಿಯಿಂದ ಊಟಕ್ಕೆ ಬರಲು ಒಪ್ಪಿದ್ದರು. ಎಡೆ ಆ ತಾಯಿಯ ತಾಯಿಗೆ.

"ಅಮ್ಮ ಸೈತಾನನ ಪೂಜೆ ಅಂದ ತಕ್ಷಣ ನಾನು ಹೇಳೋದು ಒಂದೇ ಮಾತು," ಎಂದಳು ಡೇನಾ. "ನಮ್ಮದು ನಿನ್ನ ಚರ್ಚಿಗಿಂತ ಸಾವಿರಾರು ವರ್ಷ ಹಳೇದು, ತೊಂಬತ್ತು ಲಕ್ಷ ಹೆಂಗಸರನ್ನ ಸುಟ್ಟರೂ ಉಳಿದುಕೊಂಡಿದೆ ಅಂತ. ನೀನು ಲೈಬ್ರರಿಯಲ್ಲಿ ಕೆಲಸ ಮಾಡೋಳು. ಹೌದು ಅಂತ ತಲೆಯಾಡಿಸು, ಸಾಕು."

ತೃಪ್ತಿ ಲೋಟಗಳನ್ನು ಒರೆಸತೊಡಗಿದಳು. ಡೇನಾಳಿಗೆ ಸಹಾಯವಾಗಲೆಂದೇ ವಾರವಿಡೀ ಪುಸ್ತಕಗಳನ್ನು ತಡಕಿದ್ದಳು. ಅವುಗಳಲ್ಲಿ ಸಿಕ್ಕಿದ್ದು ಬೇರೆಯೇ. ಅದನ್ನು ಹೇಳಲು ಬಾಯಿ ಬಂದಿರಲಿಲ್ಲ.

ಡೇನಾಳ ತಾಯಿ ಮಿಸೆಸ್ ವೀಲರ್ ಒಳಗೆ ಬಂದವರು ಮಗಳ ಮುಖವನ್ನಲ್ಲ, ಯಾರೂ ಕೂರದ ಆ ಕುರ್ಚಿಯ ಮುಂದಿನ ತಟ್ಟೆಯನ್ನು ನೋಡಿದರು. ಕೈಚೀಲ ಹೆಗಲಿನಿಂದ ಇಳಿಯಲಿಲ್ಲ.

"ಸೈತಾನನಿಗೋ?"

"ಅಜ್ಜಿಗೆ," ಎಂದಳು ಡೇನಾ. ಆಮೇಲೆ ಸಾವಿರಾರು ವರ್ಷದ ಆ ಮಾತನ್ನೂ ಹೇಳಿದಳು. ಕಲಿತದ್ದನ್ನು ಒಪ್ಪಿಸುವ ಮಗುವಿನ ಹಾಗೆ, ಉಸಿರು ಬಿಡದೆ.

ತಾಯಿ ತೃಪ್ತಿಯ ಕಡೆ ತಿರುಗಿದರು. "ನೀನು ಓದಿದ ಹುಡುಗಿ. ಇದು ನಿಜವೇನಮ್ಮ?"

ತಲೆಯಾಡಿಸಿದ್ದರೆ ಮುಗಿಯುತ್ತಿತ್ತು.

"ಇಲ್ಲ ಆಂಟಿ," ಎಂದಳು ತೃಪ್ತಿ. ತಾನು ಆಂಟಿ ಎಂದದ್ದು ಅವಳಿಗೇ ಆಮೇಲೆ ತಿಳಿಯಿತು. "ಐವತ್ತು ವರ್ಷದ್ದು, ಅಷ್ಟೆ. ಇಂಗ್ಲೆಂಡಿನಲ್ಲಿ ರಿಟೈರ್ ಆದ ಒಬ್ಬ ಕಸ್ಟಮ್ಸ್ ಅಧಿಕಾರಿ ಅಲ್ಲಿಂದ ಇಲ್ಲಿಂದ ಹಳೇ ಚೂರುಗಳನ್ನ ಕೂಡಿಸಿ ಶುರು ಮಾಡಿದ್ದು. ಸೈತಾನ ಅದರಲ್ಲಿ ಇಲ್ಲವೇ ಇಲ್ಲ. ಮಾಟಗಾತಿಯರು ಅಂತ ಕೊಂದಿದ್ದು ನಲವತ್ತು ಐವತ್ತು ಸಾವಿರ ಜನರನ್ನ. ಅವರು ಈ ಧರ್ಮದವರಲ್ಲ. ಹೆಚ್ಚಿನವರು ಚರ್ಚಿಗೆ ಹೋಗ್ತಿದ್ದವರೇ. ನಿಮ್ಮ ಹಾಗೆ."



"ಐವತ್ತೇ?" ಎಂದರು ತಾಯಿ. "ನನಗೇ ಅರವತ್ತೊಂದು." ಗೆದ್ದೆನೋ ಸೋತೆನೋ ಅವರಿಗೂ ಗೊತ್ತಾದಂತಿರಲಿಲ್ಲ. ಎರಡು ವರ್ಷ ಅವರು ಹೆದರಿದ್ದು ತಮಗಿಂತ ಚಿಕ್ಕದೊಂದಕ್ಕೆ.

ಡೇನಾ ತಾಯಿಯನ್ನು ನೋಡಲಿಲ್ಲ. ತೃಪ್ತಿಯನ್ನೇ ನೋಡುತ್ತಿದ್ದಳು.

"ದಕ್ಷಿಣ ಮೊದಲಿನಿಂದಲೂ ಇದೆ ಅಂದೆಯಲ್ಲ, ಅದನ್ನೂ ಲೈಬ್ರರಿಯಲ್ಲಿ ಹುಡುಕಿದೆಯಾ?"

"ಇಲ್ಲ," ಎಂದಳು ತೃಪ್ತಿ. ಹುಡುಕಬಹುದು ಎಂದೇ ಅವಳಿಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ತಾಯಿಯ ಕೈ ಎಡೆಯತ್ತ ಚಾಚಿತು. ಡೇನಾ ತಟ್ಟೆಗೆ ಅಡ್ಡ ಬರುವವಳಂತೆ ಮುಂದೆ ಸರಿದಳು. ತಾಯಿ ತಟ್ಟೆಯನ್ನು ತಳ್ಳಲಿಲ್ಲ. ಅದರಲ್ಲಿದ್ದ ಮುಸುಕಿನ ಜೋಳದ ಬ್ರೆಡ್ಡಿನ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡರು.

ಎಡೆ ಇಟ್ಟ ಮೇಲೆ ಅದರ ವಾಸನೆಯನ್ನೂ ನೋಡಕೂಡದು ಎಂದು ಮೈಸೂರಿನ ಮನೆಯಲ್ಲಿ ಬೈಸಿಕೊಂಡು ಬೆಳೆದವಳು ತೃಪ್ತಿ. ಎಂಜಲಾಯಿತು ಎಂಬ ಮಾತು ಗಂಟಲವರೆಗೆ ಬಂತು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೋ ಗೊತ್ತಾಗಲಿಲ್ಲ. ಯಾರ ಪರವಾಗಿ ಹೇಳಬೇಕೆಂಬುದು ಅದಕ್ಕಿಂತಲೂ ತಿಳಿಯಲಿಲ್ಲ. ನುಂಗಿಕೊಂಡಳು.

ತಾಯಿ ನಿಧಾನವಾಗಿ ಅಗಿದರು.

"ಸಕ್ಕರೆ ಹಾಕಿದ್ದೀಯ," ಎಂದರು ಮಗಳಿಗೆ. "ಸಿಹಿ ಇದ್ದರೆ ನಮ್ಮಮ್ಮ ಇದನ್ನ ಮುಟ್ಟೋಳೇ ಅಲ್ಲ."

ಹೆಗಲಿನ ಚೀಲವನ್ನು ಆ ಖಾಲಿ ಕುರ್ಚಿಗೆ ತಗುಲಿಸಿ, ಚರ್ಚಿಗೆಂದು ಹಾಕಿಕೊಂಡಿದ್ದ ಅಂಗಿಯ ತೋಳು ಮಡಚುತ್ತ ಕೇಳಿದರು:

"ಹಿಟ್ಟು ಎಲ್ಲಿಟ್ಟಿದ್ದೀಯ?"