ಅಪ್ಪನ ಪಾಳಿ

ಕರುಳಿನ ಕ್ಯಾನ್ಸರಿಗೆ ಕೀಮೋ ನಡೆದಿರುವವರ ಮನೆಗಳಲ್ಲಿ ಮಣಿಕಟ್ಟಿಗೆ ಕಟ್ಟುವ ಜೋಡಿ ಪಟ್ಟಿ ಇರುತ್ತದೆ. ಒಂದು ರೋಗಿಯ ಕೈಯಲ್ಲಿ. ಇನ್ನೊಂದನ್ನು ದೊಡ್ಡವರು ಯಾರಾದರೂ ಕಟ್ಟಿಕೊಂಡರೆ ಸಂಕಟವೆಲ್ಲ ಅವರಿಗೆ. ಇವತ್ತು ಈರಣ್ಣನ ಪಾಳಿ. ಅವನ ಹೆಂಡತಿ ನೀಲಾಂಬಿಕೆಗೆ ಹೊಟ್ಟೆ ತೊಳಸಲಿಲ್ಲ, ತಣ್ಣೀರು ಬೆರಳಿಗೆ ಚುಚ್ಚಲಿಲ್ಲ. ಎಷ್ಟೋ ದಿನಗಳ ಮೇಲೆ ಆಸೆಯಿಂದ ರೊಟ್ಟಿ ಮುರಿದಳು.

ಅಷ್ಟರಲ್ಲಿ ಈರಣ್ಣನ ಫೋನ್ ಬಂತು. "ತಪ್ಪ ತಿಳೀಬ್ಯಾಡ. ಬಸ್ ಓಡಸಾಕ ಕರದ್ರು. ಪಟ್ಟಿ ದೇವರ ಜಗಲಿ ಮ್ಯಾಲ ಬಿಟ್ಟ ಬಂದೀನಿ."

ಅವಳು ರೊಟ್ಟಿ ಅಗಿಯುತ್ತಲೇ ಎದ್ದು ನೋಡಿದಳು. ಜಗಲಿಯ ಮೇಲೆ ಪಟ್ಟಿ ಇರಲಿಲ್ಲ.

ಅಡುಗೆಮನೆಯಲ್ಲಿ ಏಳನೇ ತರಗತಿಯ ಮಗಳು ವಿದ್ಯಾಶ್ರೀ, ಕೈಗೆ ಟವೆಲ್ ಸುತ್ತಿಕೊಂಡು ಫ್ರಿಜ್ಜಿನಿಂದ ಹಾಲು ತೆಗೆಯುತ್ತಿದ್ದಳು.

"ನನ್ನ ರೊಟ್ಟೀನೂ ನೀನ ತಿನ್ನವ್ವಾ. ನನಗ ಹಸಿವಿಲ್ಲ."

ಪಟ್ಟಿ ಬಿಚ್ಚು ಎಂದು ನೀಲಾಂಬಿಕೆ ತಕ್ಷಣ ಹೇಳಬೇಕಿತ್ತು. ಬಾಯಿ ತುಂಬ ರೊಟ್ಟಿ ಇತ್ತು.